ಆ ಸೊನ್ನೆ ತೆಗೆದುಬಿಡ್ಲಾ?

ಪಿಯುಸಿ ಲ್ಯಾಬ್‌ನಲ್ಲಿ ನಾನೊಂದು ಕಳ್ಳಾಟ ಆಡಿದ್ದೆ. ಲೋಲಕದ ಪ್ರಯೋಗ. ಗುರುತ್ವ ವೇಗೋತ್ಕರ್ಷ 9.8 ಬರಲೇಬೇಕು ಅಂತ ಉತ್ತರ ಮೊದಲು ಬರೆದು, ರೀಡಿಂಗ್ ಆಮೇಲೆ ತುಂಬಿಸಿದ್ದೆ. ಫುಲ್ ಮಾರ್ಕ್ಸ್ ಬಂತು!

ಈಚೆಗೆ ಪುಣೆಯ ನಮ್ಮ ಅಪಾರ್ಟ್‌ಮೆಂಟ್ ಮಕ್ಕಳಿಗೆ ಅದೇ ಪ್ರಾಜೆಕ್ಟ್ ಕೊಟ್ಟೆ. ಹಳೇ ಫೋನನ್ನ ಬಟ್ಟೆ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿ, ದಾರ ಕಟ್ಟಿ ತೂಗಿಸಿದರು. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದ ಫೈಫಾಕ್ಸ್ ಅನ್ನೋ ಉಚಿತ ಆ್ಯಪ್ ಇದೆ. ಅದು ಫೋನಿನ ಗೈರೋಸ್ಕೋಪ್‌ನಿಂದಲೇ ಆಂದೋಲನದ ಅವಧಿ ಅಳೆಯುತ್ತೆ. 2.00 ಸೆಕೆಂಡ್ ತೋರಿಸ್ತು. ದಾರ 92 ಸೆಂಟಿಮೀಟರ್. ಲೆಕ್ಕ ಹಾಕಿದರೆ 9.08.

ಒಬ್ಬ ಹುಡುಗ, “ಅಂಕಲ್, ಆ ಸೊನ್ನೆ ತೆಗೆದುಬಿಡ್ಲಾ?” ಅಂದ. ನನ್ನ ರೆಕಾರ್ಡ್ ಬುಕ್ ನೆನಪಾಯ್ತು. “ಬೇಡ ಕಣೋ, ಎಲ್ಲಿ ತಪ್ಪಿದೀರಿ ಹುಡುಕಿ” ಅಂದೆ.

ಅರ್ಧ ಗಂಟೆ ಜಗಳ ಆಡಿದರು. ಕೊನೆಗೆ ನನ್ನ ಮಗಳು, “ಅಪ್ಪಾ, ತೂಗ್ತಿರೋದು ಫೋನು. ನಾವು ದಾರ ಮಾತ್ರ ಯಾಕೆ ಅಳೆದ್ವಿ?” ಅಂದಳು. ಫೋನಿನ ನಡುಭಾಗದವರೆಗೆ ಅಳೆದರೆ 99.5. ಉತ್ತರ 9.82!

ಆ್ಯಪ್ ಅವಧಿಯನ್ನ ಸರಿಯಾಗೇ ಹೇಳಿತ್ತು. ಉದ್ದ ತಪ್ಪಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಅದನ್ನ ಮಕ್ಕಳೇ ಹಿಡಿಯಬೇಕಿತ್ತು, ಹಿಡಿದರು.

ಈ ಭಾನುವಾರ ನಿಮ್ಮನೆಲೂ ಮಾಡಿ ನೋಡಿ. ಉತ್ತರ ತಪ್ಪು ಬಂದರೆ ದಯವಿಟ್ಟು ನೀವು ತಿದ್ದೋಕೆ ಹೋಗ್ಬೇಡಿ.