ಹರಿದು ಕೂಡುವ ಕಾಂತರೇಖೆಗಳು



2024ರ ಮೇ 10 ಮತ್ತು 11ರಂದು ಸೂರ್ಯನ ಕಡೆಯಿಂದ ಪ್ರಬಲವಾದ ಕಾಂತ ಬಿರುಗಾಳಿಯೊಂದು ಭೂಮಿಗೆ ಬಂದೆರಗಿತು. ಲಡಾಖಿನ ಹಾನ್ಲೆಯ ಬಾನು ಕೆಂಪೇರಿತು. ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲಿ ಅದು ಗೋವಿನಜೋಳ ಬಿತ್ತುವ ಹೊತ್ತು. ಉಪಗ್ರಹದ ಸಂಕೇತವನ್ನು ನಂಬಿ ಸಾಲು ಹಿಡಿಯುವ ಟ್ರ್ಯಾಕ್ಟರುಗಳು ಕಂಗೆಟ್ಟು, ಹಲವೆಡೆ ಬಿತ್ತನೆಯೇ ನಿಂತಿತು. ಎತ್ತಿನ ಹಿಂದೆ ಕೂರಿಗೆ ಹಿಡಿದು, ಕಣ್ಣಳತೆಯಲ್ಲಿಯೇ ಸಾಲು ತಪ್ಪದಂತೆ ಬಿತ್ತಿದ ನವಲಗುಂದ, ಕುಂದಗೋಳದ ಹಿರಿಯ ರೈತರಿಗೆ ಇದು ವಿಚಿತ್ರವೆನಿಸೀತು.

ಸೂರ್ಯನ ಹೊರವಲಯವೆಲ್ಲ ಪ್ಲಾಸ್ಮಾ. ಎಂದರೆ, ಉಷ್ಣಾತಿಶಯದಿಂದ ಪರಮಾಣುಗಳು ತಮ್ಮ ಇಲೆಕ್ಟ್ರಾನುಗಳನ್ನು ಕಳೆದುಕೊಂಡು, ವಿದ್ಯುತ್ತು ಸರಾಗವಾಗಿ ಹರಿಯುವಂತಾದ ಅನಿಲ. ಕಾಂತರೇಖೆಗಳು ಅದರೊಡನೆ ಬೆಸೆದುಕೊಂಡು, ಅದು ಸರಿದತ್ತ ತಾವೂ ಸರಿಯುತ್ತವೆ. (ರೇಖೆಯೆಂಬುದು ನಮ್ಮ ಕಲ್ಪನೆಯ ಸೌಕರ್ಯ, ಅಲ್ಲಿ ನೂಲೇನೂ ಇಲ್ಲ.) ಎದುರುಬದುರು ದಿಕ್ಕಿನ ರೇಖೆಗಳು ಒತ್ತಿಬಂದಲ್ಲಿ ನಡುವೆ ತೆಳುವಾದೊಂದು ವಿದ್ಯುತ್ ಹಾಳೆ ಏರ್ಪಡುತ್ತದೆ. ಅಲ್ಲಿ ರೇಖೆಗಳು ಕಡಿದು, ಅತ್ತಣ ತುದಿ ಇತ್ತಣ ತುದಿಯನ್ನು ಕೂಡಿಕೊಳ್ಳುತ್ತದೆ. ಅಡಗಿದ್ದ ಶಕ್ತಿ ಶಾಖವಾಗಿಯೂ ಚಲನೆಯಾಗಿಯೂ ಹೊರಬೀಳುತ್ತದೆ. ಇದೇ ಕಾಂತೀಯ ಮರುಜೋಡಣೆ.

ತೊಡಕಿದ್ದುದು ಕಾಲದ ಲೆಕ್ಕದಲ್ಲಿ. 1950ರ ದಶಕದಲ್ಲಿ ಸ್ವೀಟ್ ಮತ್ತು ಪಾರ್ಕರ್ ಕೊಟ್ಟ ಗಣಿತದಂತೆ ಸೌರಜ್ವಾಲೆಯೊಂದು ಶಕ್ತಿಯನ್ನು ಬಿಡಲು ತಿಂಗಳುಗಟ್ಟಲೆ ಬೇಕು. ನಿಜವಾದ ಜ್ವಾಲೆ ನಿಮಿಷಗಳಲ್ಲಿ ಭುಗಿಲೆನ್ನುತ್ತದೆ. ಅಣ್ಣಿಗೇರಿಯಂಥ ಊರಿನ ಜಾತ್ರೆಯಲ್ಲಿ ಉದ್ದವಾದೊಂದು ಓಣಿಯನ್ನು ಊಹಿಸಿಕೊಳ್ಳಿ. ಎರಡೂ ಮಗ್ಗುಲಿನ ಮನೆಗಳಿಂದ ಉದ್ದಕ್ಕೂ ಜನ ಬಂದು ಸೇರುತ್ತಿದ್ದಾರೆ, ಹೊರಹೋಗಲು ಮಾತ್ರ ಎರಡು ತುದಿಗಳ ಇಕ್ಕಟ್ಟಾದ ಬಾಯಿಗಳು. ಗುಂಪು ಕರಗುವುದೆಂತು? ವಿದ್ಯುತ್ ಹಾಳೆಯ ಪಾಡೂ ಅದೇ. ಅದು ಉದ್ದವಾದಷ್ಟೂ, ತೆಳುವಾದಷ್ಟೂ ಇಕ್ಕಟ್ಟು ಹೆಚ್ಚು.

ಆದರೆ ಅಂಥ ಹಾಳೆ ಹಾಗೆಯೇ ಉಳಿಯಲಾರದು. ಫರ್ತ್, ಕಿಲೀನ್, ರೋಸೆನ್‌ಬ್ಲೂತ್ ಎಂಬ ಮೂವರು 1963ರಲ್ಲಿಯೇ ಅದು ತಾನಾಗಿ ಹರಿಯುವ ಬಗೆಯನ್ನು ತೋರಿಸಿದ್ದರು. 'ಹರಿತದ ಅಸ್ಥಿರತೆ' ಎಂದು ನಾನು ಕನ್ನಡಿಸುತ್ತೇನೆ. ಪ್ಲಾಸ್ಮಾ ಎಷ್ಟು ವಿಸ್ತಾರವಾಗಿದೆ, ಎಷ್ಟು ಚೆನ್ನಾಗಿ ವಿದ್ಯುತ್ತನ್ನು ಒಯ್ಯುತ್ತದೆ ಎಂಬುದನ್ನು ಅಳೆಯುವ ಲುಂಡ್‌ಕ್ವಿಸ್ಟ್ ಸಂಖ್ಯೆಯೊಂದಿದೆ. ಅದು ಸುಮಾರು 10,000 ದಾಟಿತೆಂದರೆ ಹಾಳೆ ನಿಲ್ಲದು. ಸೂರ್ಯನ ಹೊರವಲಯದಲ್ಲಾದರೋ ಅದು ಲಕ್ಷ ಕೋಟಿಯ ಮೇಲಿನ ಮಾತು! ಇಂಥಲ್ಲಿ ಹರಿತ ಎಷ್ಟು ಬೇಗ ಬೆಳೆಯುತ್ತದೆಂಬುದನ್ನು 2007ರಲ್ಲಿ ಲೂರೇರೊ ಮತ್ತು ಸಂಗಡಿಗರು ಲೆಕ್ಕಹಾಕಿದರು. ಹಾಳೆ ತುಂಡುತುಂಡಾಗಿ, ನಡುನಡುವೆ ಸುರುಳಿ ಸುತ್ತಿದ ಕಾಂತದ್ವೀಪಗಳು ಮೂಡುತ್ತವೆ. ಒಂದು ಉದ್ದ ಓಣಿ ಹೋಗಿ ಹಲವು ಗಿಡ್ಡ ಓಣಿಗಳಾದಂತೆ. ಅಸ್ಥಿರತೆಯೆಂದರೆ ಕೇಡೆಂದೇ ಬಗೆವ ನಮಗೆ, ಇಲ್ಲಿ ಅದೇ ಕೆಲಸವನ್ನು ಮುಗಿಸುವ ಆಳು ಎಂಬುದು ಸೋಜಿಗ. ಇದೊಂದೇ ದಾರಿಯೆಂದು ಎಲ್ಲ ವಿದ್ವಾಂಸರೂ ಒಪ್ಪಿಲ್ಲವೆನ್ನಿ.

ಸೂರ್ಯನಿಂದ ಬರುವ ರೇಡಿಯೋ ಅಲೆಗಳಿಗೆ ಗೌರಿಬಿದನೂರಿನ ವೀಕ್ಷಣಾಲಯ ಹಲವು ದಶಕಗಳಿಂದ ಕಿವಿಗೊಟ್ಟಿದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆ ಭೂಮಿಯಿಂದ 15 ಲಕ್ಷ ಕಿಲೋಮೀಟರು ದೂರದಲ್ಲಿ ನೆಲೆಯೂರಿತು. ಬೆಂಗಳೂರಿನಲ್ಲಿ ಸಿದ್ಧವಾದ ಅದರ ಕ್ಷಕಿರಣ ಉಪಕರಣಗಳು 2024ರ ಆ ಮೇ ತಿಂಗಳ ಜ್ವಾಲೆಗಳನ್ನು ದಾಖಲಿಸಿಕೊಂಡವು. ಜ್ವಾಲೆ ಎದ್ದ ಮೇಲೆ ಎಚ್ಚರಿಕೆ ಕೊಡಬಹುದು. ಹಾಳೆ ಯಾವ ಗಳಿಗೆಯಲ್ಲಿ ಹರಿದೀತೆಂದು ಮೊದಲೇ ಹೇಳುವ ಗಣಿತ ಮಾತ್ರ ಇನ್ನೂ ಯಾರ ಕೈಗೂ ಬಂದಿಲ್ಲ.