ಮೊದಲ ಬೋನ್ಸಾಯ್‌ಗೆ ಯಾವ ಗಿಡ?

ಈ ಸರಣಿಗೆ ಬರುವ ಕಾಗದಗಳಲ್ಲಿ ಒಂದು ದೂರು ಮತ್ತೆ ಮತ್ತೆ ಕಾಣುತ್ತದೆ. ನಂಜನಗೂಡಿನವರದೂ ಅದೇ, ತಿ. ನರಸೀಪುರದವರದೂ ಅದೇ. "ಚೆನ್ನಾಗಿದೆ ಅಂತ ಬೋನ್ಸಾಯ್ ತಂದೆವು, ದಿನಾ ತಪ್ಪದೆ ನೀರು ಹಾಕಿದೆವು, ಆದರೂ ಎಲೆ ಉದುರಿ ಹೋಯಿತು. ನಮಗೆ ಒಗ್ಗುವ ಗಿಡ ಯಾವುದು ಹೇಳಿ."

ಗಿಡದ ಹೆಸರಷ್ಟೇ ಬೇಕಾದರೆ ಒಂದೇ ಮಾತು: ಆಲದ ಬಳಗದ್ದು ತನ್ನಿ. ಆಲ, ಅರಳಿ, ಬಸರಿ, ಗೋಣಿ ಎಲ್ಲವೂ ಆದೀತು. ಮೊದಲ ಸಲಕ್ಕೆ ನರ್ಸರಿಯವರು ಫೈಕಸ್ ಅಂತ ಮಾರುವ ಸಣ್ಣೆಲೆಯದು ಇನ್ನೂ ಸಲೀಸು. ಕತ್ತರಿ ತಾಗಿದಲ್ಲಿ ಹಾಲು ಒಸರಿ ಗಾಯ ಮಾಯುತ್ತದೆ, ಬೇರು ಕತ್ತರಿಸಿದರೆ ಹೊಸ ಬೇರು ಬಿಡುತ್ತದೆ. ಹಳೇ ಮನೆಯ ಸಜ್ಜದ ಸಂದಿಯಲ್ಲಿ ಹಿಡಿ ಮಣ್ಣೂ ಇಲ್ಲದೆ ಅರಳಿ ಸಸಿ ವರ್ಷಗಟ್ಟಲೆ ಬದುಕುವುದನ್ನು ನೀವೆಲ್ಲ ಕಂಡಿದ್ದೀರಿ. ಹಾಗಂತ ಕಪಿಲೆಯ ಸೋಪಾನದಿಂದಲೋ ಗುಡಿಯ ಗೋಡೆಯಿಂದಲೋ ಕೀಳಲು ಹೋಗಬೇಡಿ. ಸಸಿಯೂ ಉಳಿಯದು, ಕಲ್ಲೂ ಸಡಿಲವಾದೀತು. ನೀರು ಹಾಕಲು ಮರೆಯುವವರಿಗೆ ಜೇಡ್ ಗಿಡ ವಾಸಿ, ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಕ್ಯಾಲೆಂಡರಿನಲ್ಲಿ ಕಾಣುವ ಜುನಿಪರ್ ಬೇಡ. ಅದಕ್ಕೆ ವರ್ಷಕ್ಕೊಮ್ಮೆ ಗಟ್ಟಿ ಚಳಿಯಲ್ಲಿ ಮಲಗಿ ಏಳುವ ಅಭ್ಯಾಸ, ನಮ್ಮ ಮಾಘದ ಚಳಿ ಅದರ ಲೆಕ್ಕಕ್ಕೇ ಇಲ್ಲ.

ನಂಜನಗೂಡಿನ ರಸಬಾಳೆಯ ಬೋನ್ಸಾಯ್ ಆಗುತ್ತದೆಯೇ ಅಂತಲೂ ಕೇಳುತ್ತಾರೆ. ಊರಿನ ಅಭಿಮಾನ ಸರಿಯೇ. ಆದರೆ ಬಾಳೆಗೆ ಮರದ ಕಾಂಡವೇ ಇಲ್ಲ. ಹೊರಗೆ ಕಾಣುವುದು ಎಲೆಯ ಬುಡಗಳು ಒಂದರ ಮೇಲೊಂದು ಸುತ್ತಿಕೊಂಡ ಪಟ್ಟೆ. ಗೊನೆ ಬಿಟ್ಟರೆ ಅದರ ಆಯುಸ್ಸು ಮುಗಿಯಿತು.

ಈಗ ಸಾವಿನ ಕಾರಣಕ್ಕೆ ಬರೋಣ. ದಿನಾ ನೀರು ಹಾಕಿದ್ದು ನಿಮ್ಮ ತಪ್ಪಲ್ಲ, ತಟ್ಟೆಯಲ್ಲಿದ್ದ ಮಣ್ಣಿನ ತಪ್ಪು. ನೀರು ಹಾಕುತ್ತೀರಿ, ತಳದ ತೂತಿನಿಂದ ಸುರಿಯುತ್ತದೆ, ನಿಲ್ಲುತ್ತದೆ. ಎಲ್ಲ ಬಸಿಯಿತು ಅಂದುಕೊಳ್ಳುತ್ತೀರಿ. ಬಸಿದಿರುವುದಿಲ್ಲ. ಮಣ್ಣಿನ ಕಣಗಳ ಸಂದಿಯಲ್ಲಿ ಒಂದಿಷ್ಟು ನೀರು ತಳದಲ್ಲೇ ಅಂಟಿಕೊಂಡು ಉಳಿಯುತ್ತದೆ. ಆ ನೀರು ಎಷ್ಟು ಎತ್ತರ ನಿಲ್ಲುತ್ತದೆ ಎನ್ನುವುದು ಕಣ ಎಷ್ಟು ಸಣ್ಣದು ಎನ್ನುವುದರ ಮೇಲೆ ಹೋಗುತ್ತದೆ, ಕುಂಡ ಎಷ್ಟು ಆಳ ಎನ್ನುವುದರ ಮೇಲಲ್ಲ. ಎರಡು ಬೆರಳು ನಿಂತಿತು ಅನ್ನಿ. ಒಂದು ಗೇಣು ಆಳದ ಕುಂಡದಲ್ಲಿ ಮೇಲಿನ ಬೇರುಗಳು ಉಸಿರಾಡಿಕೊಂಡಿರುತ್ತವೆ. ಬೋನ್ಸಾಯ್ ತಟ್ಟೆಯ ಆಳವೇ ಎರಡು ಮೂರು ಬೆರಳು! ಅಲ್ಲಿ ಬೇರಿಗೆ ಗಾಳಿಯೇ ಸಿಗದೆ ಕೊಳೆಯುತ್ತದೆ. ಕೊಳೆತ ಬೇರು ನೀರೆಳೆಯಲಾರದು, ಎಲೆ ಬಾಡುತ್ತದೆ, ಬಾಯಾರಿದೆ ಅಂತ ನೀವು ಇನ್ನೊಂದು ಚೊಂಬು ಹಾಕುತ್ತೀರಿ.

ನಂಬಿಕೆ ಬರದಿದ್ದರೆ ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ ಅಂಗೈ ಮೇಲೆ ಅಡ್ಡಡ್ಡ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಅದೇ ಸ್ಪಂಜು, ಅದೇ ನೀರು. ಅಡ್ಡ ಮಲಗಿದ್ದಾಗ ಹಿಡಿದಿಟ್ಟುಕೊಂಡಿತ್ತು, ನಿಂತಾಗ ಬಿಟ್ಟಿತು. ನಿಮ್ಮ ತಟ್ಟೆ ಅಡ್ಡ ಮಲಗಿದ ಸ್ಪಂಜು. ಇನ್ನೊಮ್ಮೆ ಹೇಳುತ್ತೇನೆ, ಬೇಸರಿಸಬೇಡಿ: ಆಳ ಕಡಿಮೆಯಾದಷ್ಟೂ ಮಣ್ಣು ಹೆಚ್ಚು ಹೊತ್ತು ಕೆಸರು.

ತಳಕ್ಕೆ ಜಲ್ಲಿ ಹಾಸಿದರೆ ನೀರು ಇಳಿಯುತ್ತದೆ ಎನ್ನುವ ಮಾತು ಯಾರು ಹಬ್ಬಿಸಿದರೋ! ಮಣ್ಣಿನಲ್ಲಿ ನಿಂತ ನೀರು ಜಲ್ಲಿಗೆ ಸುಲಭಕ್ಕೆ ಇಳಿಯದು. ಕೆಸರಿನ ಮಟ್ಟ ಜಲ್ಲಿಯಷ್ಟು ಮೇಲೇರುತ್ತದೆ ಅಷ್ಟೇ. ಇದ್ದ ಮೂರು ಬೆರಳಲ್ಲಿ ಒಂದು ಬೆರಳು ಜಲ್ಲಿಗೆ ದಾನ. ಗದ್ದೆಯ ಮಣ್ಣು, ಎರೆ ಮಣ್ಣು, ಹೊಳೆದಂಡೆಯ ಮೆಕ್ಕಲು, ಭತ್ತಕ್ಕೂ ಬಾಳೆಗೂ ಬಂಗಾರವಾದ ಇವೆಲ್ಲ ತಟ್ಟೆಗೆ ವಿಷ. ಒಡೆದ ಇಟ್ಟಿಗೆಯನ್ನು ಕುಟ್ಟಿ ಜರಡಿ ಹಿಡಿಯಿರಿ. 2ರಿಂದ 5 ಮಿಲಿಮೀಟರ್ ಚೂರು ಇಟ್ಟುಕೊಂಡು ಪುಡಿ ಚೆಲ್ಲಿ. ಅದು ಎರಡು ಪಾಲು, ಹಳೇ ಗೊಬ್ಬರ ಬೆರೆತ ಕೆಮ್ಮಣ್ಣು ಒಂದು ಪಾಲು. ನಾನು ಅಡುಗೆಮನೆಯ ಜರಡಿಗೆ ಕೈಹಾಕಿ ಬೈಸಿಕೊಂಡವನು, ನೀವು ಬೇರೆಯದು ತೆಗೆದುಕೊಳ್ಳಿ. ಈ ಮಣ್ಣಿಗೆ ಧಾರಾಳವಾಗಿ ದಿನಾ ನೀರು ಹಾಕಿ. ಬೇಸಿಗೆಯಲ್ಲಿ ಎರಡು ಹೊತ್ತೂ ಬೇಕಾದೀತು.

ಸಮಯ ಸರಿಯುತ್ತಿದೆ, ಕೊಳ್ಳುವ ಮಾತು ಬೇಗ ಹೇಳಿಬಿಡುತ್ತೇನೆ. ತಟ್ಟೆಯಲ್ಲಿ ಕೂತ ಸಿದ್ಧ ಬೋನ್ಸಾಯ್ ಬೇಡ. ಎಷ್ಟೋ ಕಡೆ ಮೇಲಿನ ಬೆಣಚುಕಲ್ಲನ್ನು ಅಂಟು ಹಾಕಿ ಕೂರಿಸಿರುತ್ತಾರೆ, ಒಳಗಿನ ಮಣ್ಣು ನಿಮಗೆ ಕಾಣಿಸದು. ಕವರಿನಲ್ಲಿ ಬೆಳೆದ ಗಿಡವನ್ನೇ ಕೇಳಿ. ಎತ್ತರ ನೋಡಬೇಡಿ, ಬುಡ ನೋಡಿ. ಎತ್ತರವನ್ನು ಕತ್ತರಿಯಿಂದ ಇಳಿಸಬಹುದು. ತಟ್ಟೆಗೆ ಬಂದ ಮೇಲೆ ಬುಡ ದಪ್ಪವಾಗುವುದು ಬಹಳ ನಿಧಾನ. ಉಗುರಿನಿಂದ ತೊಗಟೆ ಕೆರೆದರೆ ಒಳಗೆ ಹಸಿರಿರಬೇಕು. ಟಿ.ವಿ. ಪಕ್ಕ ಇಡಬೇಡಿ, ಬಿಸಿಲು ಬೀಳುವ ಜಗಲಿಯಲ್ಲಿಡಿ. ಕುಬ್ಜ ಮರ ಇಟ್ಟರೆ ಮನೆಯ ಏಳಿಗೆ ಕುಗ್ಗುತ್ತದೆ ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ, ಸಮಯವೂ ಇಲ್ಲ. ಉಪವಾಸ ಕೆಡವಿ ಗಿಡ್ಡ ಮಾಡುತ್ತಾರೆ ಎನ್ನುವುದು ಶುದ್ಧ ಸುಳ್ಳು. ಗಿಡ್ಡವಾಗಿಡುವುದು ಕತ್ತರಿ.

ಮೈಸೂರಿಗೆ ಹೋಗುವಾಗ ನಂಜನಗೂಡು ರಸ್ತೆಯಲ್ಲೇ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟ ಸಿಗುತ್ತದೆ. 2016ರಲ್ಲಿ ಆಶ್ರಮದವರು 2,649 ಬೋನ್ಸಾಯ್ ಒಟ್ಟಿಗೆ ಜೋಡಿಸಿ ಗಿನ್ನೆಸ್ ದಾಖಲೆ ಮಾಡಿದರು. ದಾಖಲೆ ಹಾಗಿರಲಿ, ಒಮ್ಮೆ ಬಗ್ಗಿ ತಟ್ಟೆಗಳಲ್ಲಿ ಏನು ತುಂಬಿದ್ದಾರೆ ನೋಡಿ ಬನ್ನಿ.

ತಂದ ಗಿಡವನ್ನು ಕೂಡಲೇ ತಟ್ಟೆಗೆ ಹಾಕಬೇಡಿ. ಮುಂಗಾರು ಹಿಡಿಯಲಿ. ಬೇರು ಕತ್ತರಿಸಿ ಕೂರಿಸಿದ ಮೇಲೆ ಎರಡು ವಾರ ನೆರಳು, ಚಿಗುರು ಕಾಣುವವರೆಗೆ ಗೊಬ್ಬರ ಬೇಡ. ತಂತಿ ಸುತ್ತುವ ವಿಚಾರ ಇನ್ನೊಮ್ಮೆ.