ಕಾರಿನ ಸ್ಕ್ರ್ಯಾಚ್ ತೆಗೆಸೋ ಮುಂಚೆ ಉಗುರಿಂದ ಒಂದು ಸಲ ಮುಟ್ಟಿ ನೋಡಿ

ನಾನು ಬೆಂಗಳೂರಲ್ಲಿ ಕಾರ್ ಡೀಟೇಲಿಂಗ್ ಕೆಲಸ ಮಾಡ್ತೀನಿ. ನಮ್ಮಮ್ಮ ಈಗಲೂ ಊರಲ್ಲಿ ಯಾರಾದ್ರೂ ಕೇಳಿದ್ರೆ "ಮಗ ಕಾರ್ ತೊಳೀತಾನೆ" ಅಂತಾನೇ ಹೇಳೋದು. ತಪ್ಪೇನಿಲ್ಲ ಬಿಡಿ, ಅರ್ಧ ಕೆಲಸ ತೊಳೆಯೋದೇ. ಇನ್ನರ್ಧ ಸ್ಕ್ರ್ಯಾಚ್ ತೆಗೆಯೋದು. ಇವತ್ತು ಅದರ ಬಗ್ಗೆ ಮಾತಾಡ್ತೀನಿ.

ನನಗೆ ವಾಟ್ಸಾಪ್‌ನಲ್ಲಿ ದಿನಾ ಒಂದೇ ಥರದ ಮೆಸೇಜ್ ಬರುತ್ತೆ. ಒಂದು ಫೋಟೋ, ಅದರ ಕೆಳಗೆ "ಬ್ರೋ, ಇದು ಹೋಗುತ್ತಾ? ಎಷ್ಟಾಗುತ್ತೆ?" ಅಷ್ಟೇ. ಫೋಟೋ ನೋಡಿ ನಾನು ಹೇಳೋಕಾಗಲ್ಲ. ಅದಕ್ಕೆ ವಾಪಸ್ ಒಂದೇ ಪ್ರಶ್ನೆ ಕೇಳ್ತೀನಿ. ಗೀರಿನ ಮೇಲೆ ಅಡ್ಡಡ್ಡ ಉಗುರು ಎಳೆದು ನೋಡಿ, ಸಿಕ್ಕಿಹಾಕಿಕೊಳ್ಳುತ್ತಾ, ಜಾರಿ ಹೋಗುತ್ತಾ? ಜಾರಿ ಹೋದ್ರೆ ಬಹುಶಃ ಪಾಲಿಶ್‌ನಲ್ಲಿ ಹೋಗುತ್ತೆ. ಸಿಕ್ಕಿಹಾಕಿಕೊಂಡ್ರೆ ಪೂರ್ತಿ ಹೋಗೋದು ಕಷ್ಟ. ಹೋಗಲೇಬೇಕು ಅಂತ ಹಟ ಮಾಡಿದ್ರೆ ಬೇರೆ ಏನೋ ಕಳ್ಕೋತೀರ.

ಏನು ಕಳ್ಕೋತೀರ ಅಂತ ಗೊತ್ತಾಗಬೇಕು ಅಂದ್ರೆ ಪೇಂಟ್ ಹೇಗಿರುತ್ತೆ ಅಂತ ಗೊತ್ತಿರಬೇಕು. ಕಬ್ಬಿಣದ ಶೀಟ್ ಮೇಲೆ ಮೊದಲು ತುಕ್ಕು ಹಿಡಿಯದ ಹಾಗೆ ಒಂದು ಕೋಟ್, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣದ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ಕಾರು ಹೊಳೆಯೋದು ಈ ಕೊನೇದರಿಂದ. ಬಿಸಿಲಿಂದ ಬಣ್ಣ ಕಾಪಾಡೋದೂ ಅದೇ. ಕಂಪನಿಯಿಂದ ಬಂದ ಪೇಂಟ್ ಎಲ್ಲಾ ಲೇಯರ್ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತೆ. ಮೈಕ್ರಾನ್ ಅಂದ್ರೆ ಒಂದು ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗ. ಅದರಲ್ಲಿ ಕ್ಲಿಯರ್ ಕೋಟ್ ಸುಮಾರು 35ರಿಂದ 50 ಮೈಕ್ರಾನ್. ನಿಮ್ಮ ತಲೆಗೂದಲು ಹೆಚ್ಚುಕಮ್ಮಿ 70 ಮೈಕ್ರಾನ್ ದಪ್ಪ. ಅಂದ್ರೆ ಒಂದು ಕೂದಲಿಗಿಂತ ತೆಳ್ಳಗಿನ ಪದರದ ಮೇಲೆ ನಾವು ಮಷೀನ್ ಓಡಿಸ್ತಿರ್ತೀವಿ.

ಈಗ ಗೀರು ಅಂದ್ರೆ ಒಂದು ಹಳ್ಳ. ಪಾಲಿಶ್ ಮಾಡಿದ್ರೆ ಆ ಹಳ್ಳ ತುಂಬಿಕೊಳ್ಳುತ್ತೆ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಇಲ್ಲ. ಹಳ್ಳದ ಸುತ್ತಮುತ್ತಲಿನ ಪೇಂಟನ್ನ ಸವೆಸಿ, ಹಳ್ಳದ ತಳದ ಮಟ್ಟಕ್ಕೆ ಇಳಿಸ್ತೀವಿ. ನಮ್ಮ ರಸ್ತೆ ಗುಂಡಿಗೆ ಟಾರ್ ಹಾಕೋ ಬದಲು ಇಡೀ ರಸ್ತೆನೇ ಗುಂಡಿ ಆಳಕ್ಕೆ ಕೆತ್ತಿದ್ರೆ ಹೇಗಿರುತ್ತೆ, ಹಾಗೆ. ರಸ್ತೆ ಸಪಾಟಾಯ್ತು, ನಿಜ. ಆದ್ರೆ ರಸ್ತೆ ತೆಳ್ಳಗಾಯ್ತು. ಸವೆದ ಕ್ಲಿಯರ್ ಕೋಟ್ ಮತ್ತೆ ಬೆಳೆಯಲ್ಲ. ಜೋರಾಗಿ ಕಾಂಪೌಂಡ್ ಹೊಡೆದು ಪೂರ್ತಿ ಕಾರ್ ಪಾಲಿಶ್ ಮಾಡಿದ್ರೆ ಒಂದೆರಡು ಮೈಕ್ರಾನ್, ಕೆಲವು ಸಲ ಇನ್ನೂ ಜಾಸ್ತಿ ಹೋಗುತ್ತೆ. ವರ್ಷಕ್ಕೆರಡು ಸಲ "ರಬ್ಬಿಂಗ್ ಪಾಲಿಶ್" ಮಾಡಿಸೋರು ಇದ್ದಾರಲ್ಲ, ಅವರಿಗೆ ಈ ಲೆಕ್ಕ ಯಾರೂ ಹೇಳಿರಲ್ಲ.

ನನಗೂ ಯಾರೂ ಹೇಳಿರಲಿಲ್ಲ. ನಾನು ಈ ಕೆಲಸಕ್ಕೆ ಸೇರಿದಾಗ ಇಪ್ಪತ್ತೆರಡು ವರ್ಷ. ಒಂದು ಸಣ್ಣ ಅಂಗಡಿ, ತಿಂಗಳಿಗೆ ಒಂಬತ್ತು ಸಾವಿರ ಸಂಬಳ. ಕೈಗೆ ರೋಟರಿ ಮಷೀನ್ ಕೊಟ್ಟು "ಪ್ಯಾಡ್ ನಿಲ್ಲಿಸಬೇಡ, ಆಡಿಸ್ತಾ ಇರು" ಅಂದ್ರು. ಅಷ್ಟೇ ಟ್ರೇನಿಂಗ್. ರೋಟರಿ ಅಂದ್ರೆ ಪ್ಯಾಡ್ ಒಂದೇ ಕೇಂದ್ರದ ಸುತ್ತ ಗಿರಗಿರ ತಿರುಗೋ ಮಷೀನ್. ಕೆಲಸ ಬೇಗ ಆಗುತ್ತೆ, ಆದ್ರೆ ಒಂದೇ ಜಾಗದಲ್ಲಿ ನಿಂತ್ರೆ ಬಿಸಿ ಏರಿಬಿಡುತ್ತೆ. ಈಗ ಹೆಚ್ಚು ಬಳಸೋ ಡ್ಯುಯಲ್ ಆಕ್ಷನ್ ಮಷೀನ್ ತಿರುಗ್ತಾನೇ ಅಲ್ಲಾಡುತ್ತೆ, ಹಾಗಾಗಿ ಹೊಸಬರ ಕೈಯಲ್ಲೂ ಅಪಾಯ ಕಮ್ಮಿ. ಆ ಅಂಗಡೀಲಿ ಅದು ಇರಲಿಲ್ಲ.

ಒಂದಿನ ಒಬ್ಬರು ರಿಟೈರ್ಡ್ ಮೇಷ್ಟ್ರು ಕಪ್ಪು ಸೆಡಾನ್ ತಂದ್ರು. ಮಗಳ ಮದುವೆ ಹತ್ರ ಬಂದಿತ್ತು. ಬೀದೀಲಿ ಯಾರೋ ಹುಡುಗರು ಡ್ರೈವರ್ ಕಡೆ ಡೋರ್ ಮೇಲೆ ಕಾಯಿನ್ ಎಳೆದಿದ್ರು. ಡೋರ್ ಮಧ್ಯೆ ಉದ್ದಕ್ಕೂ ಒಂದು ಚೂಪಾದ ಏಣು ಇರುತ್ತಲ್ಲ, ಗೀರು ಸರಿಯಾಗಿ ಅದನ್ನ ದಾಟಿ ಹೋಗಿತ್ತು. ಏಣಿನ ಮೇಲೆ ಪೇಂಟ್ ಯಾವಾಗಲೂ ತೆಳು, ಹೊಡೆದಾಗ ಅದು ಚೂಪಿನಿಂದ ಪಕ್ಕಕ್ಕೆ ಸರಿದುಬಿಡುತ್ತೆ. ಮೇಲಾಗಿ ಮಷೀನಿನ ಭಾರವೆಲ್ಲಾ ಆ ಸಣ್ಣ ಗೆರೆ ಮೇಲೇ ಬೀಳುತ್ತೆ. ಬಲ್ಲವರು ಅಲ್ಲಿ ಟೇಪ್ ಅಂಟಿಸಿ, ಕೈಯಿಂದ ಉಜ್ತಾರೆ. ನಾನು ಮಷೀನ್ ಇಟ್ಟೆ.

ಗೀರು ತೆಳ್ಳಗಾಗ್ತಾ ಬಂತು. ಇನ್ನೊಂದ್ಸಲ, ಇನ್ನೊಂದೇ ಸಲ ಅಂತ ಹೊಡೆದೆ. ಪ್ಯಾಡ್ ತಿರುಗಿಸಿ ನೋಡಿದ್ರೆ ಕಪ್ಪಗಾಗಿತ್ತು. ಕ್ಲಿಯರ್ ಕೋಟ್ ಸವೆದ್ರೆ ಪ್ಯಾಡ್ ಮೇಲೆ ಕಾರಿನ ಬಣ್ಣ ಬರಲ್ಲ. ಬಣ್ಣ ಬಂತು ಅಂದ್ರೆ ಕ್ಲಿಯರ್ ಮುಗೀತು, ಕೆಳಗಿನ ಬಣ್ಣಕ್ಕೆ ಇಳಿದಿದ್ದೀವಿ ಅಂತ. (ಸಿಂಗಲ್ ಸ್ಟೇಜ್ ಅಂತ ಹಳೇ ಥರದ ಪೇಂಟ್‌ನಲ್ಲಿ ಕ್ಲಿಯರ್ ಕೋಟೇ ಇರಲ್ಲ, ಅಲ್ಲಿ ಬಣ್ಣ ಬರೋದು ಸಹಜ. ಇದು ಅದಲ್ಲ.) ಒರೆಸಿ ನೋಡಿದ್ರೆ ಏಣಿನ ಮೇಲೆ ಬೆರಳುದ್ದ ಹೊಳಪೇ ಇಲ್ಲದ ಪಟ್ಟಿ.

ಓನರ್‌ನ ಕರೆದೆ. ಅವರು ಬಗ್ಗಿ ನೋಡಿ, "ಲೋ, ಸುಮ್ನಿರು" ಅಂದು, ಒಂದು ಎಣ್ಣೆ ಎಣ್ಣೆಯಾದ ವ್ಯಾಕ್ಸ್ ತಂದು ಎರಡು ಸಲ ಬಳಿದ್ರು. ಟ್ಯೂಬ್‌ಲೈಟ್ ಕೆಳಗೆ ಏನೂ ಕಾಣ್ತಿರಲಿಲ್ಲ. ಸಂಜೆ ಮೇಷ್ಟ್ರು ಬಂದು ಡೋರ್ ನೋಡಿ ಎಷ್ಟು ಖುಷಿಪಟ್ರು ಅಂದ್ರೆ, ನನಗೆ ಅಂತಲೇ ಬೇರೆ ನೂರು ರೂಪಾಯಿ ಕೊಟ್ರು. ನಾನು ತಗೊಂಡೆ.

ಮೂರು ತಿಂಗಳಾದ ಮೇಲೆ ವಾಪಸ್ ಬಂದ್ರು. ವ್ಯಾಕ್ಸ್ ಹೋಗಿ ಎಷ್ಟೋ ದಿನ ಆಗಿತ್ತು. ಬಿಸಿಲಿಗೆ ಆ ಪಟ್ಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅಂಗಡೀಲಿ ನಾನೊಬ್ಬನೇ ಇದ್ದೆ. "ಇದೇನಪ್ಪಾ ಹೀಗಾಗಿದೆ?" ಅಂದ್ರು. ಬಿಸಿಲು ಸಾರ್, ಶಾಂಪೂ ಸರಿ ಇಲ್ಲ ಸಾರ್, ಅಂತ ಹೇಳೋಕೆ ಬಾಯಿ ತೆಗೆದೆ, ಯಾಕೋ ಆಗಲಿಲ್ಲ. ಇದ್ದದ್ದು ಹೇಳಿಬಿಟ್ಟೆ. ಅವರು ಬೈಯ್ಯಲಿಲ್ಲ. ಸ್ವಲ್ಪ ಹೊತ್ತು ಡೋರ್ ನೋಡ್ತಾ ನಿಂತು, "ಅವತ್ತೇ ಹೇಳಬಹುದಿತ್ತಲ್ವಾ?" ಅಂದ್ರು. ಡೋರ್ ಪೇಂಟ್ ಮಾಡಿಸೋಕೆ ಆದ ನಾಲ್ಕೂವರೆ ಸಾವಿರ ಎರಡು ತಿಂಗಳು ನನ್ನ ಸಂಬಳದಲ್ಲಿ ಹೋಯ್ತು. ಓನರ್‌ಗೆ ಸಿಟ್ಟು ಬಂದಿದ್ದು ಡೋರ್ ಸುಟ್ಟಿದ್ದಕ್ಕಲ್ಲ, ಬಾಯಿಬಿಟ್ಟಿದ್ದಕ್ಕೆ.

ಆಮೇಲೆ ನಾನು ಮೊದಲು ದುಡ್ಡು ಕೂಡಿಸಿ ತಗೊಂಡಿದ್ದು ಮಷೀನ್ ಅಲ್ಲ, ಪೇಂಟ್ ದಪ್ಪ ಅಳೆಯೋ ಗೇಜ್. ಅಂಗೈಯಲ್ಲಿ ಹಿಡಿಯೋ ಸಣ್ಣ ಡಬ್ಬಿ, ಲೋಹದ ಮೇಲಿಟ್ರೆ ಮೈಕ್ರಾನ್ ತೋರಿಸುತ್ತೆ. ನನ್ನ ಹತ್ರ ಇರೋದು ಪ್ಲಾಸ್ಟಿಕ್ ಬಂಪರ್ ಮೇಲೆ ಕೆಲಸ ಮಾಡಲ್ಲ. ಇದು ಒಟ್ಟು ದಪ್ಪ ಹೇಳುತ್ತೆ, ಕ್ಲಿಯರ್ ಕೋಟ್ ಎಷ್ಟು ಉಳಿದಿದೆ ಅಂತ ನೇರವಾಗಿ ಹೇಳಲ್ಲ. ಆದ್ರೂ ಎಲ್ಲಾ ಕಡೆ 115-120 ಬಂದು, ಒಂದು ಡೋರ್‌ನಲ್ಲಿ ಮಾತ್ರ 85 ಬಂದ್ರೆ ಅಲ್ಲಿ ಯಾರೋ ಈಗಾಗಲೇ ಕೆತ್ತಿದ್ದಾರೆ ಅಂತರ್ಥ. 250 ಬಂತಾ? ಅದು ರೀಪೇಂಟ್. ಸೆಕೆಂಡ್ ಹ್ಯಾಂಡ್ ಕಾರ್ ತಗೊಳ್ಳೋರು ಇದೇ ಗೇಜ್ ಹಿಡ್ಕೊಂಡು ಬರ್ತಾರೆ ಅನ್ನೋದು ನಿಮಗೂ ಗೊತ್ತಿರಲಿ. ಒರಿಜಿನಲ್ ಪೇಂಟ್‌ಗೆ ರೀಸೇಲ್‌ನಲ್ಲಿ ಬೆಲೆ ಇದೆ, ಒಂದು ಸಣ್ಣ ಗೀರಿಗೆ ಇಡೀ ಡೋರ್ ಪೇಂಟ್ ಮಾಡಿಸೋ ಮುಂಚೆ ಯೋಚನೆ ಮಾಡಿ. ಇನ್ಶೂರೆನ್ಸ್ ಕ್ಲೇಮ್ ಮಾಡಿದ್ರೂ ಅಷ್ಟೇ. ಐದು ವರ್ಷ ಕ್ಲೇಮ್ ಮಾಡದೆ 50 ಪರ್ಸೆಂಟ್‌ವರೆಗೆ ಏರಿದ ನೋ ಕ್ಲೇಮ್ ಬೋನಸ್ ಒಂದು ಗೀರಿಗೆ ಸೊನ್ನೆಗೆ ಬರುತ್ತೆ.

ಆಳವಾದ ಗೀರು ಬಂದ್ರೆ ಈಗ ನಾನು ಏನು ಮಾಡ್ತೀನಿ ಅಂದ್ರೆ, ಪೂರ್ತಿ ತೆಗೆಯೋಕೆ ಹೋಗಲ್ಲ. ಗೀರಿನ ಎರಡೂ ಅಂಚು ಚೂಪಾಗಿರುತ್ತೆ, ಬೆಳಕು ಅಲ್ಲಿ ತಾಗಿ ಬಿಳಿ ಗೆರೆ ಥರ ಕಾಣುತ್ತೆ. ಆ ಅಂಚು ಸ್ವಲ್ಪ ದುಂಡಗೆ ಮಾಡಿದ್ರೆ ಗೀರು ಅಲ್ಲೇ ಇದ್ರೂ ನಾಲ್ಕಡಿ ದೂರದಿಂದ ಕಣ್ಣಿಗೆ ಬೀಳಲ್ಲ. ಪ್ರೈಮರ್ ಅಥವಾ ಕಬ್ಬಿಣ ಕಾಣ್ತಿದ್ರೆ ಪಾಲಿಶ್ ಮಾತೇ ಇಲ್ಲ. ಮೊದಲು ಟಚ್‌ಅಪ್ ಪೇಂಟ್ ತುಂಬಿ, ಇಲ್ಲಾಂದ್ರೆ ತುಕ್ಕು ಶುರುವಾಗುತ್ತೆ. ಕರಾವಳಿ ಕಡೆ ಇರೋರು ಇದನ್ನ ನಾಳೆಗೆ ಅಂತ ಇಡಲೇಬೇಡಿ. ಕಲರ್ ಕೋಡ್ ಬಾನೆಟ್ ಒಳಗೋ ಡೋರ್ ಪಿಲ್ಲರ್ ಮೇಲೋ ಇರೋ ಪ್ಲೇಟ್‌ನಲ್ಲಿ ಸಾಮಾನ್ಯವಾಗಿ ಸಿಗುತ್ತೆ.

ಕೆಲಸ ಮುಗಿದ ಮೇಲೆ ಐಪಿಎ, ಅಂದ್ರೆ ಐಸೋಪ್ರೊಪೈಲ್ ಆಲ್ಕೋಹಾಲ್ ನೀರಿಗೆ ಬೆರೆಸಿ ಒರೆಸಿ ತೋರಿಸ್ತೀನಿ. ಪಾಲಿಶ್‌ನಲ್ಲಿರೋ ಎಣ್ಣೆ ಹೊರಟುಹೋಗುತ್ತೆ, ಗೀರು ನಿಜವಾಗಿ ಹೋಗಿದೆಯೋ ಮುಚ್ಚಿದೆಯೋ ಅಲ್ಲೇ ಗೊತ್ತಾಗುತ್ತೆ. ನೀವು ಎಲ್ಲಿ ಮಾಡಿಸಿದ್ರೂ ಹೀಗೆ ಒರೆಸಿ ತೋರಿಸಿ ಅಂತ ಕೇಳಿ, ಆಮೇಲೆ ಕಾರನ್ನ ಬಿಸಿಲಿಗೆ ತಂದು ನೋಡಿ. ಬೇಡ ಅಂದ್ರೆ ಯಾಕೆ ಬೇಡ ಅಂತಾನೂ ಕೇಳಿ. ರೀಲ್ಸ್‌ನಲ್ಲಿ ಟೂತ್‌ಪೇಸ್ಟ್ ಹಚ್ಚಿದ ತಕ್ಷಣ ಗೀರು ಮಾಯ ಆಗುತ್ತಲ್ಲ, ಟೂತ್‌ಪೇಸ್ಟ್‌ನಲ್ಲೂ ಉಜ್ಜೋ ಪುಡಿನೇ ಇರೋದು, ಕ್ಲಿಯರ್ ಕೋಟ್‌ಗೆ ಅಂತ ಮಾಡಿದ್ದಲ್ಲ. ಡಬ್ಲ್ಯೂಡಿ-40 ಸ್ಪ್ರೇ ಮಾಡಿದ್ರೆ ಗೀರೊಳಗೆ ಎಣ್ಣೆ ತುಂಬಿ ಕಾಣದ ಹಾಗಾಗುತ್ತೆ, ತೊಳೆದ್ರೆ ವಾಪಸ್. ನಮ್ಮ ಓನರ್ ಮಾಡಿದ್ದೂ ಇದನ್ನೇ.

ಸೆರಾಮಿಕ್ ಕೋಟಿಂಗ್ ಬಗ್ಗೆ ಕೇಳೋರೂ ಜಾಸ್ತಿ. ಒಳ್ಳೇದೇ, ನೀರು ಜಾರುತ್ತೆ, ಕೊಳೆ ಬೇಗ ಬಿಡುತ್ತೆ. ಆದ್ರೆ "9ಎಚ್, ಸ್ಕ್ರ್ಯಾಚೇ ಆಗಲ್ಲ" ಅಂದ್ರೆ ನಂಬಬೇಡಿ. ಆ 9ಎಚ್ ಪೆನ್ಸಿಲ್ ಗಟ್ಟಿತನದ ಅಳತೆ. ಬೀಗದ ಕೈ ಪೆನ್ಸಿಲ್ ಅಲ್ಲ.

ಇನ್ನು ನಿಮ್ಮ ಕಾರಿನ ಮೇಲೆ ಬಿಸಿಲಲ್ಲಿ ಜೇಡರ ಬಲೆ ಥರ ಕಾಣೋ ಸಣ್ಣ ಗೀರುಗಳಿದ್ಯಲ್ಲ, ಅದನ್ನ ಕಾಯಿನ್ ಎಳೆದೋರು ಮಾಡಿದ್ದಲ್ಲ. ತೊಳೆದೋರು ಮಾಡಿದ್ದು. ಅಪಾರ್ಟ್‌ಮೆಂಟ್‌ಗಳಲ್ಲಿ ಬೆಳಗ್ಗೆ ಐದಕ್ಕೇ ಒಂದು ಬಕೆಟ್, ಒಂದು ಬಟ್ಟೆ ಹಿಡ್ಕೊಂಡು ಇಪ್ಪತ್ತು ಕಾರ್ ಒರೆಸ್ತಾರೆ. ಮೊದಲ ಕಾರಿನ ಧೂಳು ಇಪ್ಪತ್ತನೇ ಕಾರಿಗೆ ಮರಳು ಕಾಗದ ಆಗುತ್ತೆ. ಅವರನ್ನ ಬೈಬೇಡಿ, ತಿಂಗಳಿಗೆ ಕೆಲವು ನೂರು ರೂಪಾಯಿ ಕೊಟ್ಟು ನಾವು ಕೇಳ್ತಿರೋದೇ ಅದು. ನಿಮ್ಮ ಕಾರಿಗೇ ಅಂತ ಎರಡು ಮೈಕ್ರೋಫೈಬರ್ ಬಟ್ಟೆ ತಂದುಕೊಡಿ, ದಿನಾ ಬೇಡ, ವಾರಕ್ಕೊಂದು ಸಲ ಸಾಕು ಅನ್ನಿ. ಒಣಗಿದ ಧೂಳಿನ ಮೇಲೆ ಬಟ್ಟೆ ಎಳೀಬೇಡಿ ಅಂತ ಒಂದು ಮಾತು ಹೇಳಿ.

ನೀರಿನ ಕಷ್ಟ ನನಗೂ ಗೊತ್ತು. 2024ರ ಮಾರ್ಚ್‌ನಲ್ಲಿ ಕುಡಿಯೋ ನೀರಲ್ಲಿ ಗಾಡಿ ತೊಳೆದ್ರೆ 5000 ರೂಪಾಯಿ ದಂಡ ಅಂತ ಬೆಂಗಳೂರು ಜಲಮಂಡಳಿ ಆದೇಶ ಮಾಡಿತ್ತಲ್ಲ, ಆವಾಗ ನನ್ನ ಅಂಗಡಿ ಅರ್ಧ ಖಾಲಿ. ಅವತ್ತಿಂದ ರಿನ್ಸ್‌ಲೆಸ್ ವಾಶ್ ಜಾಸ್ತಿ ಮಾಡ್ತೀನಿ. ಬಕೆಟ್ ನೀರಿಗೆ ಆ ದ್ರಾವಣ ಹಾಕಿ, ಏಳೆಂಟು ಬಟ್ಟೆ ನೆನೆಸಿಟ್ಟು, ಒಂದೊಂದು ಪ್ಯಾನೆಲ್‌ಗೆ ಹೊಸ ಬಟ್ಟೆ. ಕೆಸರು ಮೆತ್ತಿಕೊಂಡಿದ್ರೆ ಮಾತ್ರ ಇದು ಬೇಡ. ಬೋರ್ ನೀರಲ್ಲಿ ತೊಳೆದ್ರೆ ಒಣಗೋಕೆ ಬಿಡದೆ ತಕ್ಷಣ ಒರೆಸಿ. ಅದರಲ್ಲಿರೋ ಕ್ಯಾಲ್ಸಿಯಂ ಬಿಸಿಲಿಗೆ ಸುಟ್ಟು ಬಿಳಿ ಚುಕ್ಕೆ ಆಗುತ್ತೆ, ಆ ಚುಕ್ಕೆ ತೆಗೆಯೋಕೆ ಮತ್ತೆ ಪಾಲಿಶ್, ಮತ್ತೆ ಕ್ಲಿಯರ್ ಕೋಟ್ ಖರ್ಚು.

ಮೇಷ್ಟ್ರು ಈಗಲೂ ಬರ್ತಾರೆ, ಅದೇ ಕಾರು. ಹೋದ ತಿಂಗಳು ಹಿಂದಿನ ಫೆಂಡರ್ ಮೇಲೆ ಹೊಸ ಗೀರು, ಮೊಮ್ಮಗಳು ಸೈಕಲ್ ಒರಗಿಸಿದ್ಳಂತೆ. ಗೇಜ್ ಇಟ್ಟೆ, 90 ಬಂತು. ಉಗುರೂ ಸಿಕ್ಕಿಹಾಕಿಕೊಳ್ತು. "ಸಾರ್, ಇದನ್ನ ನಾನು ಮುಟ್ಟಲ್ಲ, ಅಂಚು ಸ್ವಲ್ಪ ಕೈಯಲ್ಲಿ ಉಜ್ಜಿ ಬಿಡ್ತೀನಿ, ಗೀರು ಕಾಣುತ್ತೆ" ಅಂದೆ. ಕನ್ನಡಕ ತೆಗೆದು ಬಗ್ಗಿ ನೋಡಿದ್ರು. "ಅವಳಿಗೆ ತೋರಿಸೋಕೆ ಇರಲಿ ಬಿಡಪ್ಪಾ" ಅಂತ ನಕ್ಕು, ವಾಶ್‌ಗೆ ಮಾತ್ರ ದುಡ್ಡು ಕೊಟ್ಟು ಹೋದ್ರು.